ಹಲವು ಹ್ಯಾಮ್ ಸೆಟ್‌ಗಳಿಗೆ ಒಂದೇ ಪಟ್ಟಿ: ಪ್ರೋಗ್ರಾಮಿಂಗ್ ಸಾಫ್ಟ್‌ವೇರ್ ಆರಿಸುವ ಸಮಗ್ರ ಮಾರ್ಗದರ್ಶಿ

ಒಂದೇ ಹ್ಯಾಮ್ ಸೆಟ್ (ಹವ್ಯಾಸಿ ರೇಡಿಯೋ) ಇದ್ದಾಗ ಅದಕ್ಕೆ ಚಾನೆಲ್ ತುಂಬಿಸಲು ಸಾಫ್ಟ್‌ವೇರ್ ಬೇಕೇ ಬೇಕು ಅಂತೇನಿಲ್ಲ. ಕೀಪ್ಯಾಡ್ ಒತ್ತುತ್ತಾ ಹತ್ತು ಚಾನೆಲ್ ತುಂಬಿಸಿಕೊಂಡರೆ ವರ್ಷಗಟ್ಟಲೆ ನಡೆಯುತ್ತದೆ. ಕಾರಿಗೊಂದು, ಮೇಜಿಗೊಂದು, ಕೈಗೊಂದು, ಡಿಎಂಆರ್ ಎಂಬ ಡಿಜಿಟಲ್ ಬಗೆ ಕಲಿಯೋಣ ಅಂತ ಇನ್ನೊಂದು ಸೇರಿದಾಗ ಗೋಜಲು ಶುರುವಾಗುತ್ತದೆ. ನನ್ನ ಮೂರು ಸೆಟ್‌ಗಳಲ್ಲಿ ಒಂದೇ ರಿಪೀಟರ್‌ಗೆ (ಬಂದ ಸಿಗ್ನಲ್ಲನ್ನು ಮತ್ತೆ ದೂರಕ್ಕೆ ಕಳಿಸುವ ನಿಲ್ದಾಣ) ಮೂರು ಹೆಸರು, ಎರಡು ಬೇರೆ ಟೋನ್ (ರಿಪೀಟರ್ ಎಬ್ಬಿಸಲು ದನಿಯ ಜೊತೆ ಹೋಗುವ ಸಣ್ಣ ಸ್ವರ) ಇದ್ದ ಕಾಲವೊಂದಿತ್ತು. ರಿಪೀಟರ್ ನೋಡಿಕೊಳ್ಳುವವರು ಟೋನ್ ಬದಲಾಯಿಸಿದ್ದರು. ಒಂದು ಸೆಟ್‌ನಲ್ಲಿ ತಿದ್ದಿದ್ದೆ, ಉಳಿದವು ಹಾಗೇ ಇದ್ದವು.

ಆಗ ನಾನು ಹುಡುಕಿದ್ದು ಎಲ್ಲ ಸೆಟ್‌ಗೂ ಆಗುವ ಒಂದು ಸಾಫ್ಟ್‌ವೇರ್. ಅಂಥದ್ದು ಇಲ್ಲ. ಒಂದೊಂದು ಕಂಪನಿ ಒಂದೊಂದು ರೀತಿ ಮೆಮೊರಿ ಜೋಡಿಸುತ್ತದೆ, ಡಿಜಿಟಲ್ ಸೆಟ್‌ಗಳ ದಾರಿಯೇ ಬೇರೆ. ಹುಡುಕಬೇಕಾದದ್ದು ಎಲ್ಲ ಸೆಟ್‌ಗೂ ಆಗುವ ಒಂದು ಚಾನೆಲ್ ಪಟ್ಟಿ. ಆ ಪಟ್ಟಿ ನಿಮ್ಮ ಕಂಪ್ಯೂಟರಿನಲ್ಲಿ ಸಾದಾ ಸ್ಪ್ರೆಡ್‌ಶೀಟ್ ಆಗಿ ಇರಬೇಕು. ಸಾಫ್ಟ್‌ವೇರ್ ಅದನ್ನು ಸೆಟ್‌ವರೆಗೆ ಸಾಗಿಸುವ ಗಾಡಿ. ಗಾಡಿ ಒಂದೇ ಇರಲಿ, ಎರಡಿರಲಿ, ಹೊರುವ ಸರಕು ಒಂದೇ ಆಗಿದ್ದರೆ ಸಾಕು. ಕೆಳಗಿನ ಹೆಜ್ಜೆಗಳೆಲ್ಲ ಈ ಲೆಕ್ಕದಲ್ಲೇ ಹೋಗುತ್ತವೆ.

ಹೆಜ್ಜೆ 1: ಪ್ರತಿ ಸೆಟ್‌ನ ಜಾತಕ ಬರೆದುಕೊಳ್ಳಿ

ಸಾಫ್ಟ್‌ವೇರ್ ಡೌನ್‌ಲೋಡ್ ಮಾಡುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಪ್ರತಿ ಸೆಟ್‌ಗೂ ಒಂದು ಸಾಲು. ಅದರಲ್ಲಿ ಮಾಡೆಲ್‌ನ ಪೂರ್ತಿ ಹೆಸರು, ಫರ್ಮ್‌ವೇರ್ (ಸೆಟ್‌ನೊಳಗಿನ ತಂತ್ರಾಂಶ) ಆವೃತ್ತಿ, ಎಷ್ಟು ಮೆಮೊರಿ, ಚಾನೆಲ್ ಹೆಸರಿಗೆ ಎಷ್ಟು ಅಕ್ಷರ, ಅನಲಾಗ್ ಮಾತ್ರವೋ ಡಿಜಿಟಲ್ ಕೂಡ ಇದೆಯೋ, ಇದ್ದರೆ ಯಾವುದು, ಕೇಬಲ್‌ಗೆ ಯಾವ ಬಗೆಯ ಪಿನ್, ಮೆಮೊರಿ ಕಾರ್ಡ್ ಹಾಕಲು ಜಾಗ ಇದೆಯೋ ಇಲ್ಲವೋ.

ಮಾಡೆಲ್ ಹೆಸರಿನ ಕೊನೆಯ ಅಕ್ಷರವನ್ನೂ ಬಿಡಬೇಡಿ. ಹೊರಗಿನಿಂದ ಒಂದೇ ಥರ ಕಾಣುವ ಎರಡು ಸೆಟ್‌ಗಳ ಒಳಗಿನ ಮೆಮೊರಿ ಪೂರ್ತಿ ಬೇರೆ ಇರಬಹುದು. ಬಾವ್‌ಫೆಂಗ್ ಯುವಿ-5ಆರ್ ಎಂಬ ಒಂದೇ ಹೆಸರಿನ ಸುತ್ತ ಒಂದು ದೊಡ್ಡ ಕುಟುಂಬವೇ ಇದೆ. ಉಲ್ಟಾ ಉದಾಹರಣೆಯೂ ಇದೆ. ಟಿವೈಟಿ ಎಂಡಿ-ಯುವಿ380 ಮತ್ತು ರೆಟೆವಿಸ್ ಆರ್‌ಟಿ3ಎಸ್ ಎರಡು ಹೆಸರು, ಒಳಗೆ ಒಂದೇ ಸೆಟ್. ಇದು ಗೊತ್ತಿದ್ದರೆ ಬೇಡದ ಹುಡುಕಾಟ ಅರ್ಧ ಕಡಿಮೆಯಾಗುತ್ತದೆ.

ಮೆಮೊರಿ ಮತ್ತು ಅಕ್ಷರಗಳ ಲೆಕ್ಕ ಯಾಕೆ? ಕೆಲವು ಅಂಕಿ ನೋಡಿ. ಯುವಿ-5ಆರ್‌ನಲ್ಲಿ 128 ಚಾನೆಲ್, ಹೆಸರಿಗೆ 7 ಅಕ್ಷರ. ಯೇಸು ಎಫ್‌ಟಿ-60ರಲ್ಲಿ 1000 ಮೆಮೊರಿ, ಆದರೆ ಹೆಸರಿಗೆ 6 ಅಕ್ಷರ ಮಾತ್ರ. ಕ್ವಾನ್‌ಶೆಂಗ್ ಯುವಿ-ಕೆ5ರಲ್ಲಿ 200 ಚಾನೆಲ್, 10 ಅಕ್ಷರ. ಎನಿಟೋನ್ ಎಟಿ-ಡಿ878ಯುವಿಯಲ್ಲಿ 4000 ಚಾನೆಲ್, 16 ಅಕ್ಷರ. ಈ ನಾಲ್ಕೂ ನಿಮ್ಮ ಹತ್ತಿರ ಇದ್ದರೆ ಎಲ್ಲಕ್ಕೂ ಹೋಗುವ ಚಾನೆಲ್‌ಗಳು 128ರ ಒಳಗಿರಬೇಕು, ಹೆಸರು 6 ಅಕ್ಷರದಲ್ಲಿ ಅರ್ಥವಾಗಬೇಕು. ಚಿಕ್ಕ ಸೆಟ್ ಹಾಕುವ ಗೆರೆಯೊಳಗೇ ಪಟ್ಟಿ ಕೂರಬೇಕು. ದೊಡ್ಡ ಸೆಟ್‌ನಲ್ಲಿ ಜಾಸ್ತಿ ಏನು ಬೇಕೋ ಅದನ್ನು ಆಮೇಲೆ ಸೇರಿಸಬಹುದು.

ಹೆಜ್ಜೆ 2: ಕಂಪ್ಯೂಟರ್ ಯಾವುದು ಅಂತ ಮೊದಲೇ ತೀರ್ಮಾನಿಸಿ

ವಿಂಡೋಸ್ ಇದ್ದರೆ ಬಹುತೇಕ ಎಲ್ಲ ಸಾಫ್ಟ್‌ವೇರೂ ನಡೆಯುತ್ತದೆ. ಮ್ಯಾಕ್ ಅಥವಾ ಲಿನಕ್ಸ್ ಬಳಸುವವರಿಗೆ ಆಯ್ಕೆ ಸಣ್ಣದು. ಕಂಪನಿಗಳು ಕೊಡುವ ಸಾಫ್ಟ್‌ವೇರ್ ಹೆಚ್ಚಾಗಿ ವಿಂಡೋಸ್‌ಗೆ ಮಾತ್ರ. ವರ್ಚುವಲ್ ಮಷೀನ್ ಒಳಗೆ ವಿಂಡೋಸ್ ಹಾಕಿ, ಯುಎಸ್‌ಬಿಯನ್ನು ಅದಕ್ಕೆ ಬಿಟ್ಟುಕೊಟ್ಟು ಕೆಲಸ ಮಾಡಿಸಬಹುದು. ಅದರ ಬದಲು ಹಳೆಯ ವಿಂಡೋಸ್ ಲ್ಯಾಪ್‌ಟಾಪ್ ಒಂದನ್ನು ಇದಕ್ಕೇ ಇಟ್ಟುಕೊಳ್ಳುವುದು ಸುಲಭ ಅಂತ ನನ್ನ ಅಭಿಪ್ರಾಯ.

ಹೆಜ್ಜೆ 3: ಗಾಡಿಗಳ ಪರಿಚಯ ಮಾಡಿಕೊಳ್ಳಿ

ಮೊದಲು ನೋಡಬೇಕಾದದ್ದು ಚಿರ್ಪ್. ಇದು ಉಚಿತ, ಮುಕ್ತ ತಂತ್ರಾಂಶ. 2008ರಿಂದ ಬೆಳೆಯುತ್ತಾ ಬಂದಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಬಾವ್‌ಫೆಂಗ್, ಕ್ವಾನ್‌ಶೆಂಗ್, ವೂಕ್ಸನ್, ಟಿವೈಟಿ, ಯೇಸು, ಐಕಾಮ್, ಕೆನ್‌ವುಡ್ ಹೀಗೆ ಬೇರೆ ಬೇರೆ ಕಂಪನಿಗಳ ನೂರಾರು ಮಾಡೆಲ್‌ಗಳನ್ನು ಬಲ್ಲದು. ಅದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ. ಯಾವ ಸೆಟ್ ತೆರೆದರೂ ಪರದೆ ಮೇಲೆ ಕಾಣುವುದು ಒಂದೇ ಬಗೆಯ ಕೋಷ್ಟಕ. ಒಂದು ಟ್ಯಾಬ್‌ನಲ್ಲಿ ಯೇಸು, ಪಕ್ಕದ ಟ್ಯಾಬ್‌ನಲ್ಲಿ ಬಾವ್‌ಫೆಂಗ್ ತೆರೆದಿಟ್ಟು ಸಾಲುಗಳನ್ನು ಕಾಪಿ ಮಾಡಿ ಅಂಟಿಸಬಹುದು. ಹೆಸರು ಉದ್ದವಾದರೆ ಆ ಸೆಟ್‌ಗೆ ಹಿಡಿಸುವಷ್ಟಕ್ಕೆ ತಾನೇ ಕತ್ತರಿಸುತ್ತದೆ. ಆ ಸೆಟ್‌ಗೆ ಸಾಧ್ಯವಿಲ್ಲದ ಫ್ರೀಕ್ವೆನ್ಸಿ ಬಂದರೆ ತಕರಾರು ತೆಗೆಯುತ್ತದೆ. ಹಲವು ಸೆಟ್ ಇಟ್ಟುಕೊಂಡವರಿಗೆ ಇದಕ್ಕಿಂತ ಹತ್ತಿರದ ನೆಂಟ ಇನ್ನೊಂದಿಲ್ಲ.

ಅದರ ಮಿತಿಯನ್ನೂ ಹೇಳಬೇಕು. ಚಿರ್ಪ್ ಅನಲಾಗ್ ಲೋಕದ್ದು. ಡಿ-ಸ್ಟಾರ್ ಎಂಬ ಡಿಜಿಟಲ್ ಬಗೆ ಇರುವ ಕೆಲವು ಐಕಾಮ್ ಸೆಟ್‌ಗಳನ್ನು ಅದು ನಿಭಾಯಿಸುತ್ತದೆ. ಡಿಎಂಆರ್‌ನ ಝೋನ್ (ಚಾನೆಲ್‌ಗಳ ಗುಂಪು), ಟಾಕ್‌ಗ್ರೂಪ್ (ಒಟ್ಟಿಗೆ ಮಾತಾಡುವವರ ಗುಂಪು) ಇವುಗಳ ಕೆಲಸಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ.

ಚಿರ್ಪ್ ಬಳಸುವಾಗ ಎರಡು ಬಗೆಯ ಸೆಟ್ ಎದುರಾಗುತ್ತವೆ. ಹೆಚ್ಚಿನವು ಕ್ಲೋನ್ ಬಗೆಯವು. ಸೆಟ್‌ನ ಇಡೀ ಮೆಮೊರಿಯನ್ನು ಒಂದೇ ಸಲ ಕಂಪ್ಯೂಟರಿಗೆ ಎಳೆದುಕೊಂಡು, ತಿದ್ದಿ, ಇಡಿಯಾಗಿ ವಾಪಸ್ ಬರೆಯುತ್ತೀರಿ. ಬರೆಯುವವರೆಗೆ ಸೆಟ್‌ನಲ್ಲಿ ಏನೂ ಬದಲಾಗುವುದಿಲ್ಲ. ಕೆನ್‌ವುಡ್‌ನ ಕೆಲವು ಸೆಟ್‌ಗಳು ಲೈವ್ ಬಗೆಯವು. ಅವುಗಳಲ್ಲಿ ಪರದೆ ಮೇಲೆ ಒಂದು ಸಾಲು ತಿದ್ದಿದ ಕೂಡಲೇ ಸೆಟ್‌ನಲ್ಲೂ ಬದಲಾಗುತ್ತದೆ. ಲೈವ್ ಸೆಟ್ ಕೈಗೆತ್ತಿಕೊಳ್ಳುವ ಮುಂಚೆ ಪಟ್ಟಿಯನ್ನು ಸಿಎಸ್‌ವಿ (ಸ್ಪ್ರೆಡ್‌ಶೀಟ್‌ನಲ್ಲಿ ತೆರೆಯಬಲ್ಲ ಸಾದಾ ಪಠ್ಯದ ಕೋಷ್ಟಕ) ಆಗಿ ಉಳಿಸಿಕೊಳ್ಳಿ. ಅಲ್ಲಿ ತಪ್ಪಾಗಿ ಅಳಿಸಿದ ಸಾಲು ಆಗಲೇ ಹೋಯಿತು.

ಎರಡನೆಯದು ಕಂಪನಿಗಳದೇ ಸಾಫ್ಟ್‌ವೇರ್. ಐಕಾಮ್‌ನ ಸಿಎಸ್ ಸರಣಿ, ಯೇಸುವಿನ ಎಡಿಎಂಎಸ್ ಸರಣಿ, ಕೆನ್‌ವುಡ್‌ನ ಎಂಸಿಪಿ ಸರಣಿ. ಒಂದು ಮಾಡೆಲ್‌ಗೆ ಒಂದು ಸಾಫ್ಟ್‌ವೇರ್ ಅನ್ನುವುದು ಇಲ್ಲಿನ ಪದ್ಧತಿ. ಸೆಟ್‌ನ ಪ್ರತಿ ಮೆನುವನ್ನೂ ಅವು ಮುಟ್ಟಬಲ್ಲವು. ಚಿರ್ಪ್‌ಗೆ ಅಷ್ಟು ಆಳ ಎಲ್ಲ ಸೆಟ್‌ನಲ್ಲೂ ಸಿಗುವುದಿಲ್ಲ. ಹೊಸ ಸೆಟ್‌ಗಳಲ್ಲಿ ಇನ್ನೊಂದು ಅನುಕೂಲ ಇದೆ. ಐಕಾಮ್ ಐಡಿ-52, ಐಸಿ-705, ಯೇಸು ಎಫ್‌ಟಿ-5ಡಿ, ಕೆನ್‌ವುಡ್ ಟಿಎಚ್-ಡಿ74 ಇವಕ್ಕೆಲ್ಲ ಮೈಕ್ರೋ ಎಸ್‌ಡಿ ಕಾರ್ಡ್ ಹಾಕಬಹುದು. ಪಟ್ಟಿಯನ್ನು ಕಾರ್ಡಿಗೆ ಬರೆದು, ಕಾರ್ಡನ್ನು ಸೆಟ್‌ಗೆ ಹಾಕಿ ಓದಿಸಿದರೆ ಆಯಿತು. ಕೇಬಲ್, ಡ್ರೈವರ್ ಯಾವುದರ ಗೊಡವೆಯೂ ಇಲ್ಲ.

ಮೂರನೆಯದು ಹಣ ಕೊಟ್ಟು ತರುವಂಥದ್ದು. ಇದರಲ್ಲಿ ಹೆಸರಾದದ್ದು ಆರ್‌ಟಿ ಸಿಸ್ಟಮ್ಸ್. ಇಲ್ಲೂ ಮಾಡೆಲ್‌ಗೊಂದು ಪ್ರೋಗ್ರಾಮ್. ಎಲ್ಲದರ ಮುಖ ಒಂದೇ ಥರ ಇರುವುದರಿಂದ ಒಂದನ್ನು ಕಲಿತರೆ ಉಳಿದವೂ ಬಂದಂತೆ. ಕೇಬಲನ್ನೂ ಅವರೇ ಕೊಡುತ್ತಾರೆ. ಸೆಟ್ ಹೆಚ್ಚಾದ ಹಾಗೆ ಖರ್ಚೂ ಹೆಚ್ಚಾಗುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಚಿರ್ಪ್‌ಗೆ ಬಾರದ ಸೆಟ್ ಒಂದಿದೆ, ಕಂಪನಿಯ ಸಾಫ್ಟ್‌ವೇರ್ ಒಗ್ಗುತ್ತಿಲ್ಲ, ಆಗ ಇದು ಒಳ್ಳೆಯ ದಾರಿ.

ಹೆಜ್ಜೆ 4: ಡಿಎಂಆರ್ ಇದ್ದರೆ ಅದಕ್ಕೆ ಬೇರೆಯೇ ಯೋಚನೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಹಲವು ಸೆಟ್ ಇರುವವರ ತಲೆ ಬಿಸಿಯಾಗುವುದು ಹೆಚ್ಚಾಗಿ ಇಲ್ಲೇ.

ಅನಲಾಗ್ ಚಾನೆಲ್ ಅಂದರೆ ಒಂದು ಸಾಲು. ಫ್ರೀಕ್ವೆನ್ಸಿ, ಆಫ್‌ಸೆಟ್ (ಕೇಳುವ ಮತ್ತು ಪ್ರಸಾರದ ಫ್ರೀಕ್ವೆನ್ಸಿಗಳ ಅಂತರ), ಟೋನ್, ಹೆಸರು ಇಷ್ಟಿದ್ದರೆ ಅದು ತನ್ನ ಕಾಲ ಮೇಲೆ ನಿಲ್ಲುತ್ತದೆ. ಡಿಎಂಆರ್ ಚಾನೆಲ್ ಹಾಗಲ್ಲ. ಡಿಎಂಆರ್‌ನಲ್ಲಿ 12.5 ಕಿಲೋಹರ್ಟ್ಸ್ ಜಾಗವನ್ನು ಸಮಯ ಹಂಚಿ ಎರಡು ಸ್ಲಾಟ್ ಮಾಡಿರುತ್ತಾರೆ. ಹಾಗಾಗಿ ಯಾವ ಸ್ಲಾಟ್ ಅಂತ ಹೇಳಬೇಕು. 0ಯಿಂದ 15ರವರೆಗಿನ ಕಲರ್ ಕೋಡ್‌ನಲ್ಲಿ (ಟೋನ್‌ನಂತೆ ರಿಪೀಟರ್ ಗುರುತಿಸುವ ಸಂಖ್ಯೆ) ಯಾವುದು ಅಂತ ಹೇಳಬೇಕು. ಯಾವ ಟಾಕ್‌ಗ್ರೂಪ್‌ಗೆ ಮಾತಾಡಬೇಕು, ಯಾವ ಗುಂಪುಗಳನ್ನು ಕೇಳಬೇಕು ಎನ್ನುವುದನ್ನು ಬೇರೆ ಪಟ್ಟಿಗಳಿಂದ ತಂದು ಜೋಡಿಸಬೇಕು. ಚಾನೆಲ್‌ಗಳನ್ನು ಝೋನ್ ಒಳಗೆ ಇಡಬೇಕು. ಇದೆಲ್ಲ ಸೇರಿದ ಕಂತೆಗೆ ಕೋಡ್‌ಪ್ಲಗ್ ಅಂತ ಹೆಸರು. ಸುಮ್ನೆ ಒಂದು ಸಾಲು ಕಾಪಿ ಮಾಡಿ ಇನ್ನೊಂದು ಸೆಟ್‌ಗೆ ಅಂಟಿಸಿದರೆ ಕೆಲಸ ಆಗುವುದಿಲ್ಲ, ಅದರ ಹಿಂದಿರುವ ನಂಟುಗಳೂ ಹೋಗಬೇಕು.

ಕಂಪನಿ ಕೊಡುವ ಡಿಎಂಆರ್ ಸಾಫ್ಟ್‌ವೇರ್‌ಗೆ ಸಿಪಿಎಸ್ ಅನ್ನುತ್ತಾರೆ. ಆರಿಸುವಾಗ ನೋಡಬೇಕಾದ ಮೊದಲ ವಿಷಯ, ಅದು ಸಿಎಸ್‌ವಿ ಹೊರಗೆ ಕೊಡುತ್ತದೆಯೇ, ಒಳಗೆ ತೆಗೆದುಕೊಳ್ಳುತ್ತದೆಯೇ ಅನ್ನುವುದು. ಎನಿಟೋನ್ ಸಿಪಿಎಸ್ ಚಾನೆಲ್, ಝೋನ್, ಟಾಕ್‌ಗ್ರೂಪ್ ಎಲ್ಲವನ್ನೂ ಬೇರೆ ಬೇರೆ ಸಿಎಸ್‌ವಿ ಕಡತಗಳಾಗಿ ಕೊಡುತ್ತದೆ. ಅದೇ ಸಿಪಿಎಸ್‌ನಲ್ಲಿ ಗಮನಿಸಬೇಕಾದ ಇನ್ನೊಂದು ಮಾತು, ಸೆಟ್‌ನ ಫರ್ಮ್‌ವೇರ್ ಮತ್ತು ಸಿಪಿಎಸ್ ಆವೃತ್ತಿ ಒಂದಕ್ಕೊಂದು ಹೊಂದಬೇಕು.

ಬೇರೆ ಬೇರೆ ಕಂಪನಿಯ ಎರಡು ಡಿಎಂಆರ್ ಸೆಟ್ ಇದ್ದರೆ ಕ್ಯೂಡಿಎಂಆರ್ ನೋಡಿ. ಇದೂ ಉಚಿತ, ಮುಕ್ತ ತಂತ್ರಾಂಶ. ಲಿನಕ್ಸ್ ಮತ್ತು ಮ್ಯಾಕ್ ಬಳಸುವವರಿಗೆ ದೊಡ್ಡ ಆಸರೆ. ಎನಿಟೋನ್, ಟಿವೈಟಿ, ರೇಡಿಯೋಡಿಟಿಯ ಹಲವು ಡಿಎಂಆರ್ ಸೆಟ್‌ಗಳಿಗೆ ಒಂದೇ ಕೋಡ್‌ಪ್ಲಗ್ ಬರೆಯಬೇಕು ಅನ್ನುವುದೇ ಅದರ ಉದ್ದೇಶ. ಕೋಡ್‌ಪ್ಲಗ್ ಸಾದಾ ಪಠ್ಯದ ಕಡತವಾಗಿ ಉಳಿಯುತ್ತದೆ. ಹತ್ತು ವರ್ಷ ಬಿಟ್ಟು ತೆರೆದರೂ ಕಣ್ಣಿಂದ ಓದಬಹುದು. ಅದು ನನಗೆ ಬಹಳ ಇಷ್ಟವಾದ ಗುಣ. ನಿಮ್ಮ ಮಾಡೆಲ್ ಅದರ ಪಟ್ಟಿಯಲ್ಲಿ ಇದೆಯೇ ಅಂತ ಮೊದಲು ನೋಡಿಕೊಳ್ಳಿ. ಓಪನ್‌ಜಿಡಿ77 ಫರ್ಮ್‌ವೇರ್ ಹಾಕಿದ ಸೆಟ್‌ಗೆ ಅದರದೇ ಸಿಪಿಎಸ್ ಇದೆ. ಅಂಥ ಸೆಟ್‌ಗೆ ಕಂಪನಿಯ ಹಳೆಯ ಸಿಪಿಎಸ್ ಜೋಡಿಸಲು ಹೋಗಬೇಡಿ.

ಸ್ನೇಹಿತರ ಕೋಡ್‌ಪ್ಲಗ್ ಪಡೆದು ಬಳಸುವವರಿಗೆ ಒಂದು ಮಾತು. ಅದರೊಳಗೆ ಅವರ ಡಿಎಂಆರ್ ಐಡಿ ಇರುತ್ತದೆ. ಹವ್ಯಾಸಿಗಳ ಐಡಿ 7 ಅಂಕಿಯದು, ಕಾಲ್‌ಸೈನ್‌ಗೆ (ಪರವಾನಗಿಯ ಗುರುತಿನ ಹೆಸರು) ಕಟ್ಟಿದ್ದು. ಅದನ್ನು ಬದಲಾಯಿಸದೆ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದರೆ ನೆಟ್‌ವರ್ಕ್‌ನಲ್ಲಿ ಮಾತಾಡುವುದು ಅವರು ಅಂತ ದಾಖಲಾಗುತ್ತದೆ. ಕೊಡುವವರು ಐಡಿ ತೆಗೆದು ಕೊಡಬೇಕು, ಪಡೆಯುವವರು ಮೊದಲ ಕೆಲಸವಾಗಿ ತಮ್ಮದನ್ನು ಹಾಕಬೇಕು.

ಬೇರೆ ಡಿಜಿಟಲ್ ಬಗೆಗಳು ಇಷ್ಟು ಕಾಡುವುದಿಲ್ಲ. ಯೇಸುವಿನ ಸಿಸ್ಟಮ್ ಫ್ಯೂಷನ್ ರಿಪೀಟರ್‌ಗೆ ಮಾಮೂಲಿ ಅನಲಾಗ್ ಸಾಲೇ ಹೆಚ್ಚುಕಡಿಮೆ ಸಾಕು, ಬರುವ ಸಿಗ್ನಲ್ ಡಿಜಿಟಲ್ಲೋ ಅನಲಾಗೋ ಅಂತ ಸೆಟ್ ತಾನೇ ಗುರುತಿಸಬಲ್ಲದು. ಡಿ-ಸ್ಟಾರ್‌ಗೆ ರಿಪೀಟರ್ ಕಾಲ್‌ಸೈನ್‌ಗಳ ಕಾಲಂ ಹೆಚ್ಚುವರಿ ಬೇಕು.

ಹೆಜ್ಜೆ 5: ಈಗ ಆರಿಸಿ

ಮೊದಲ ಹೆಜ್ಜೆಯಲ್ಲಿ ಬರೆದ ಹಾಳೆ ಎದುರಿಗೆ ಇಟ್ಟುಕೊಳ್ಳಿ. ಚಿರ್ಪ್‌ನ ಮಾಡೆಲ್ ಪಟ್ಟಿ ತೆರೆದು, ಅದರಲ್ಲಿರುವ ನಿಮ್ಮ ಸೆಟ್‌ಗಳ ಮುಂದೆ ಗುರುತು ಹಾಕಿ. ಎಲ್ಲದಕ್ಕೂ ಗುರುತು ಬಿದ್ದರೆ ಹುಡುಕಾಟ ಮುಗಿಯಿತು, ಚಿರ್ಪ್ ಒಂದೇ ಸಾಕು. ಗುರುತು ಬೀಳದ ಸೆಟ್ ಡಿಎಂಆರ್ ಆಗಿದ್ದರೆ ಕ್ಯೂಡಿಎಂಆರ್ ಪಟ್ಟಿ ನೋಡಿ, ಅಲ್ಲೂ ಇಲ್ಲದಿದ್ದರೆ ಕಂಪನಿಯ ಸಿಪಿಎಸ್. ಕಾರ್ಡ್ ಹಾಕುವ ಹೊಸ ಸೆಟ್ ಆಗಿದ್ದರೆ ಕಂಪನಿಯ ಸಾಫ್ಟ್‌ವೇರ್. ಇನ್ನೂ ಉಳಿದದ್ದಕ್ಕೆ ಹಣ ಕೊಟ್ಟು ತರುವ ಸಾಫ್ಟ್‌ವೇರ್.

ಎರಡಕ್ಕಿಂತ ಜಾಸ್ತಿ ಸಾಫ್ಟ್‌ವೇರ್ ಬೇಕಾಗುತ್ತಿದೆ ಅನ್ನಿಸಿದರೆ ಮತ್ತೊಮ್ಮೆ ಯೋಚಿಸಿ. ತಿಂಗಳಿಗೊಮ್ಮೆ ಕೂಡ ಬಳಸದ ಸೆಟ್ ಒಂದಕ್ಕೋಸ್ಕರ ಮೂರನೇ ಸಾಫ್ಟ್‌ವೇರ್ ಕಲಿಯುವ ಬದಲು, ಅದಕ್ಕೆ ಬೇಕಾದ ಐದಾರು ಚಾನೆಲ್ ಕೀಪ್ಯಾಡ್‌ನಿಂದಲೇ ಹಾಕುವುದು ಲೇಸು. ಎಚ್‌ಎಫ್ (ಶಾರ್ಟ್‌ವೇವ್) ಸೆಟ್‌ಗಳೂ ಹೆಚ್ಚಾಗಿ ಈ ಸಾಲಿಗೇ ಸೇರುತ್ತವೆ. ಡಯಲ್ ತಿರುಗಿಸಿ ಮಾತಾಡುವ ಜಾಗದಲ್ಲಿ ಮೆಮೊರಿಗೆ ಅಷ್ಟು ಕೆಲಸ ಇಲ್ಲ.

ಮತ್ತೆ ಒಂದು ಕಡ್ಡಾಯ ಪ್ರಶ್ನೆ: ನಾನು ಹಾಕಿದ ಪಟ್ಟಿಯನ್ನು ಈ ಸಾಫ್ಟ್‌ವೇರ್ ನನಗೆ ವಾಪಸ್ ಕೊಡುತ್ತದೆಯೇ? ಸಿಎಸ್‌ವಿ ಅಥವಾ ಬೇರೆ ಯಾವುದಾದರೂ ಓದಲು ಬರುವ ರೂಪದಲ್ಲಿ ಕೊಡದಿದ್ದರೆ, ಬೇರೆ ದಾರಿ ಇರುವವರೆಗೆ ಅದನ್ನು ಬಿಟ್ಟುಬಿಡಿ.

ಹೆಜ್ಜೆ 6: ಕೇಬಲ್

ಸಾಫ್ಟ್‌ವೇರ್ ಸರಿಯಿಲ್ಲ ಅಂತ ಬೈಯುವವರಲ್ಲಿ ಎಷ್ಟೋ ಜನರ ತೊಂದರೆ ನಿಜವಾಗಿ ಇರುವುದು ಕೇಬಲ್‌ನಲ್ಲಿ. ನಾನೊಂದು ಕೇಬಲ್ ತರಿಸಿ ಎರಡು ಸಂಜೆ ಕಳೆದಿದ್ದೇನೆ. ಚಿಪ್ ನಕಲಿಯಾಗಿತ್ತು. ಡ್ರೈವರ್ ಅದನ್ನು ಒಪ್ಪುತ್ತಲೇ ಇರಲಿಲ್ಲ. ಬೇರೆ ಕೇಬಲ್ ಚುಚ್ಚಿದ ನಿಮಿಷದಲ್ಲೇ ಸೆಟ್ ಓದಿಸಿಕೊಂಡಿತು.

ಕೇಬಲ್‌ನ ಯುಎಸ್‌ಬಿ ತುದಿಯಲ್ಲಿ ಒಂದು ಚಿಪ್ ಕೂತಿರುತ್ತದೆ. ಎಫ್‌ಟಿಡಿಐ, ಪ್ರೊಲಿಫಿಕ್, ಸಿಎಚ್340, ಸಿಪಿ210ಎಕ್ಸ್ ಇವು ಸಾಮಾನ್ಯ. ಪ್ರೊಲಿಫಿಕ್‌ನ ಹಳೆಯ ಚಿಪ್‌ಗಳನ್ನೂ ಅದರ ಹೆಸರಿನ ನಕಲಿಗಳನ್ನೂ ಹೊಸ ವಿಂಡೋಸ್ ಡ್ರೈವರ್ ತಿರಸ್ಕರಿಸುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು, ‘ಕೋಡ್ 10’ ಎಂಬ ದೋಷ ಅಥವಾ ಈ ಚಿಪ್ 2012ರಿಂದ ಚಾಲ್ತಿಯಲ್ಲಿಲ್ಲ ಅನ್ನುವ ಸಂದೇಶ ಕಂಡರೆ ಕಾರಣ ಇದೇ. ಹಳೆಯ ಡ್ರೈವರ್ ಹಾಕಿ ಓಡಿಸಬಹುದು. ವಿಂಡೋಸ್ ಅಪ್‌ಡೇಟ್ ಆದಾಗ ಮತ್ತೆ ಹೊಸದೇ ಬಂದು ಕೂರಬಹುದು. ಹಲವು ಸೆಟ್ ಇರುವವರು ಎಫ್‌ಟಿಡಿಐ ಚಿಪ್‌ನ ಒಂದು ಒಳ್ಳೆಯ ಕೇಬಲ್ ಇಟ್ಟುಕೊಳ್ಳಿ ಅಂತಲೇ ನಾನು ಹೇಳುವುದು.

ಬಾವ್‌ಫೆಂಗ್, ಕ್ವಾನ್‌ಶೆಂಗ್, ವೂಕ್ಸನ್ ವಾಕಿಟಾಕಿಗಳಲ್ಲಿ ಕೆನ್‌ವುಡ್ ಮಾದರಿಯ ಎರಡು ಪಿನ್ ಇರುತ್ತದೆ. ಒಂದು 3.5 ಮಿಲಿಮೀಟರ್, ಇನ್ನೊಂದು 2.5. ಒಂದೇ ಕೇಬಲ್ ಇವಕ್ಕೆಲ್ಲ ಸಾಕು. ಆದರೆ ಎನಿಟೋನ್ 878, ಟಿವೈಟಿ ಎಂಡಿ-380, ರೇಡಿಯೋಡಿಟಿ ಜಿಡಿ-77 ಡಿಎಂಆರ್ ಸೆಟ್‌ಗಳ ಕೇಬಲ್ ನೋಡಲು ತದ್ರೂಪ ಹೀಗೇ ಇದ್ದರೂ ಒಳಗೆ ಚಿಪ್ ಇರುವುದಿಲ್ಲ. ಯುಎಸ್‌ಬಿ ತಂತಿ ನೇರವಾಗಿ ಸೆಟ್‌ಗೆ ಹೋಗುತ್ತದೆ. ಒಂದು ಬಗೆಯ ಕೇಬಲ್ ಇನ್ನೊಂದು ಬಗೆಯ ಸೆಟ್‌ಗೆ ಆಗುವುದಿಲ್ಲ. ಎರಡಕ್ಕೂ ಬೇರೆ ಬಣ್ಣದ ಟೇಪ್ ಸುತ್ತಿ ಹೆಸರು ಬರೆದಿಡಿ.

ಸೆಟ್ ಉತ್ತರ ಕೊಡುತ್ತಿಲ್ಲ ಅಂತ ಸಾಫ್ಟ್‌ವೇರ್ ಹೇಳಿದರೆ ಮೊದಲು ಪಿನ್ ಪೂರ್ತಿ ಒಳಗೆ ಹೋಗಿದೆಯೇ ನೋಡಿ. ಎರಡು ಪಿನ್‌ನ ಸೆಟ್‌ಗಳಲ್ಲಿ ಅದನ್ನು ಗಟ್ಟಿಯಾಗಿ ಒತ್ತಬೇಕು, ‘ಟಕ್’ ಅಂತ ಕೂರಬೇಕು. ಪ್ಲಾಸ್ಟಿಕ್ ಅಂಚು ಅಡ್ಡ ಬರುತ್ತಿದ್ದರೆ ಅದನ್ನು ಸ್ವಲ್ಪ ಹೆರೆದವರೂ ಇದ್ದಾರೆ. ಆಮೇಲೆ ಪೋರ್ಟ್ ಸಂಖ್ಯೆ ಸರಿಯಿದೆಯೇ ನೋಡಿ. ಕೇಬಲ್ ಕಿತ್ತು ಮತ್ತೆ ಚುಚ್ಚಿದಾಗ ಪಟ್ಟಿಯಿಂದ ಯಾವ ಪೋರ್ಟ್ ಮಾಯವಾಗಿ ಮತ್ತೆ ಬರುತ್ತದೋ ಅದೇ ನಿಮ್ಮದು. ಲಿನಕ್ಸ್‌ನಲ್ಲಿ ನಿಮ್ಮ ಯೂಸರ್ ಹೆಸರು ‘ಡಯಲ್‌ಔಟ್’ ಗುಂಪಿಗೆ ಸೇರಿರಬೇಕು. ಉಬುಂಟು 22.04ರಲ್ಲಿ ಸಿಎಚ್340 ಕೇಬಲ್ ಚುಚ್ಚಿದರೂ ಪೋರ್ಟ್ ಕಾಣದಿದ್ದರೆ, ಬ್ರೈಲ್ ಪರದೆಗಾಗಿ ಇರುವ ‘ಬಿಆರ್‌ಎಲ್‌ಟಿಟಿವೈ’ ಎಂಬ ಪ್ರೋಗ್ರಾಮ್ ಅದನ್ನು ತನ್ನದೆಂದು ಹಿಡಿದುಕೊಂಡಿರುತ್ತದೆ. ಬ್ರೈಲ್ ಪರದೆ ಬಳಸದವರು ಅದನ್ನು ತೆಗೆದುಹಾಕಬಹುದು.

ಹೆಜ್ಜೆ 7: ಮೂಲ ಪಟ್ಟಿ ಕಟ್ಟಿ

ಇದೇ ಮುಖ್ಯ ಕೆಲಸ. ಒಂದು ಭಾನುವಾರ ಪೂರ್ತಿ ಇದಕ್ಕೇ ಕೊಟ್ಟರೂ ನಷ್ಟವಿಲ್ಲ.

ಕಾಲಂಗಳನ್ನು ಚಿರ್ಪ್‌ನ ಸಿಎಸ್‌ವಿ ಹೇಗಿದೆಯೋ ಹಾಗೇ ಇಟ್ಟುಕೊಳ್ಳಿ. ಚಿರ್ಪ್‌ನಲ್ಲಿ ಒಂದೆರಡು ಚಾನೆಲ್ ಹಾಕಿ ಎಕ್ಸ್‌ಪೋರ್ಟ್ ಮಾಡಿದರೆ ಖಾಲಿ ಅಚ್ಚು ಸಿಕ್ಕಂತೆ. ಅದರಲ್ಲಿ ಜಾಗದ ಸಂಖ್ಯೆ, ಹೆಸರು, ಫ್ರೀಕ್ವೆನ್ಸಿ, ಡೂಪ್ಲೆಕ್ಸ್, ಆಫ್‌ಸೆಟ್, ಟೋನ್ ಬಗೆ, ಟೋನ್ ಬೆಲೆಗಳು, ಮೋಡ್ ಎಲ್ಲ ಬರುತ್ತವೆ. ಟಿಪ್ಪಣಿ ಕಾಲಂ ಕೂಡ ಇದೆ. ಅದರಲ್ಲಿ ಕೊನೆಯ ಸಲ ಯಾವಾಗ ಪರೀಕ್ಷಿಸಿದ್ದು ಅಂತ ಬರೆಯಿರಿ.

ಡೂಪ್ಲೆಕ್ಸ್ (ಪ್ರಸಾರ ಯಾವ ಕಡೆ ಸರಿಯಬೇಕು) ಕಾಲಂನಲ್ಲಿ ಪ್ಲಸ್, ಮೈನಸ್ ಅಲ್ಲದೆ ‘ಸ್ಪ್ಲಿಟ್’ ಮತ್ತು ‘ಆಫ್’ ಕೂಡ ಇವೆ. ಸ್ಪ್ಲಿಟ್ ಹಾಕಿದಾಗ ಆಫ್‌ಸೆಟ್ ಕಾಲಂನಲ್ಲಿ ಪ್ರಸಾರ ಮಾಡುವ ಫ್ರೀಕ್ವೆನ್ಸಿಯನ್ನೇ ಬರೆಯಬೇಕು. ‘ಆಫ್’ ಹಾಕಿದರೆ ಆ ಚಾನೆಲ್‌ನಲ್ಲಿ ಪಿಟಿಟಿ ಒತ್ತಿದರೂ ಪ್ರಸಾರ ಆಗುವುದಿಲ್ಲ. ಕೇಳುವುದಕ್ಕೆ ಮಾತ್ರ ಇರುವ ಎಲ್ಲ ಚಾನೆಲ್‌ಗೂ ‘ಆಫ್’ ಹಾಕಿ. ನಿಮ್ಮ ಪರವಾನಗಿಗೆ ಸೇರದ ಜಾಗದಲ್ಲಿ ಕೈತಪ್ಪಿ ಕೂಡ ಸಿಗ್ನಲ್ ಹೋಗಬಾರದು, ಅಲ್ವಾ?

ರಿಪೀಟರ್ ಆಫ್‌ಸೆಟ್ ಊಹಿಸಿ ಹಾಕಬೇಡಿ. 2 ಮೀಟರ್ ಬ್ಯಾಂಡಿನಲ್ಲಿ 600 ಕಿಲೋಹರ್ಟ್ಸ್ ಬಹಳ ಕಡೆ ನಡೆಯುತ್ತದೆ. 70 ಸೆಂಟಿಮೀಟರ್‌ನಲ್ಲಿ ಕೆಲವೆಡೆ 5 ಮೆಗಾಹರ್ಟ್ಸ್, ಕೆಲವೆಡೆ 7.6, ಕೆಲವೆಡೆ 1.6. ಬೇರೆ ದೇಶಕ್ಕೆಂದು ಮಾಡಿದ ತಯಾರಿ ಪಟ್ಟಿಯನ್ನು ಹಾಗೇ ಇಳಿಸಿಕೊಳ್ಳಬೇಡಿ. 2 ಮೀಟರ್ ಬ್ಯಾಂಡೇ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ವಲಯ 1ರಲ್ಲಿ 144ರಿಂದ 146, ವಲಯ 2 ಮತ್ತು 3ರಲ್ಲಿ 144ರಿಂದ 148 ಮೆಗಾಹರ್ಟ್ಸ್. ನಿಮ್ಮ ದೇಶದ ನಿಯಮ ಅದಕ್ಕಿಂತ ಬಿಗಿ ಇರಬಹುದು.

ಸಾಫ್ಟ್‌ವೇರ್ ಯಾಕೆ ಬೇಕು ಅನ್ನುವುದಕ್ಕೆ ನನ್ನ ಮೆಚ್ಚಿನ ಉದಾಹರಣೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರ್. ಅದಕ್ಕೆ ಮಾತಾಡುವುದು 145.990 ಮೆಗಾಹರ್ಟ್ಸ್‌ನಲ್ಲಿ, 67.0 ಹರ್ಟ್ಸ್ ಟೋನ್ ಜೊತೆ. ಅದು ವಾಪಸ್ ಕಳಿಸುವುದು 437.800ರಲ್ಲಿ. ನಿಲ್ದಾಣ ವೇಗವಾಗಿ ಚಲಿಸುವುದರಿಂದ ಡಾಪ್ಲರ್ ಪರಿಣಾಮದಲ್ಲಿ ಆ ಫ್ರೀಕ್ವೆನ್ಸಿ ಸುಮಾರು 10 ಕಿಲೋಹರ್ಟ್ಸ್ ಮೇಲೆ ಕೆಳಗೆ ಸರಿಯುತ್ತದೆ. ಹಾಗಾಗಿ ಐದು ಸಾಲು ಮಾಡಿ: ಕೇಳುವುದು 437.810, 437.805, 437.800, 437.795, 437.790. ಐದರಲ್ಲೂ ಸ್ಪ್ಲಿಟ್, ಪ್ರಸಾರ 145.990. ನಿಲ್ದಾಣ ಹತ್ತಿರ ಬರುವಾಗ ಮೊದಲ ಸಾಲಿನಿಂದ ಶುರು ಮಾಡಿ ಒಂದೊಂದೇ ಚಾನೆಲ್ ಕೆಳಗೆ ಇಳಿಯುತ್ತಾ ಹೋಗುವುದು. ಕೀಪ್ಯಾಡ್‌ನಲ್ಲಿ ಈ ಐದನ್ನು ಹಾಕಲು ಬೆವರು ಬರುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಎರಡು ನಿಮಿಷದ ಕೆಲಸ, ಒಮ್ಮೆ ಮಾಡಿದರೆ ಎಲ್ಲ ಸೆಟ್‌ಗೂ ಆಯಿತು.

ಜಾಗದ ಸಂಖ್ಯೆಗೂ ಒಂದು ಕ್ರಮ ಇರಲಿ. ನನ್ನ ಪಟ್ಟಿಯಲ್ಲಿ 1ರಿಂದ 20 ಹತ್ತಿರದ ರಿಪೀಟರ್‌ಗಳು, 21ರಿಂದ 40 ಸಿಂಪ್ಲೆಕ್ಸ್ (ರಿಪೀಟರ್ ಇಲ್ಲದೆ ನೇರ ಮಾತು), 41ರಿಂದ 60 ಉಪಗ್ರಹಗಳು, ಆಮೇಲೆ ಪ್ರಯಾಣದ್ದು. ಯಾವ ಸೆಟ್ ಕೈಗೆತ್ತಿಕೊಂಡರೂ 3ನೇ ಚಾನೆಲ್ ಅದೇ ರಿಪೀಟರ್. ತುರ್ತಿನಲ್ಲಿ, ಕತ್ತಲಲ್ಲಿ, ಸೆಟ್ ಇನ್ನೊಬ್ಬರ ಕೈಗೆ ಕೊಟ್ಟಾಗ ಇದರ ಬೆಲೆ ಗೊತ್ತಾಗುತ್ತದೆ. ಪ್ರತಿ ಗುಂಪಿನ ಕೊನೆಗೆ ನಾಲ್ಕೈದು ಜಾಗ ಖಾಲಿ ಬಿಡಿ.

ಎಕ್ಸೆಲ್ ಬಳಸುವವರು ಹುಷಾರಾಗಿರಿ. ಅದು 023 ಎಂಬ ಡಿಸಿಎಸ್ (ಟೋನ್‌ನ ಡಿಜಿಟಲ್ ರೂಪ) ಕೋಡನ್ನು 23 ಮಾಡುತ್ತದೆ, 145.500 ಅನ್ನು 145.5 ಮಾಡುತ್ತದೆ. ಕಾಲಂಗಳನ್ನು ಮೊದಲೇ ‘ಟೆಕ್ಸ್ಟ್’ ಅಂತ ಗೊತ್ತುಮಾಡಿ ಆಮೇಲೆ ತುಂಬಿಸಿ. ಲಿಬ್ರೆಆಫೀಸ್ ಸಿಎಸ್‌ವಿ ತೆರೆಯುವಾಗಲೇ ಕಾಲಂ ಬಗೆ ಕೇಳುವುದರಿಂದ ನನಗೆ ಅದು ಹೆಚ್ಚು ಹಿಡಿಸುತ್ತದೆ.

ಡಿಎಂಆರ್ ಚಾನೆಲ್‌ಗಳಿಗೆ ಅದೇ ಕಡತದಲ್ಲಿ ಇನ್ನೊಂದು ಹಾಳೆ ತೆರೆಯಿರಿ. ಸ್ಲಾಟ್, ಕಲರ್ ಕೋಡ್, ಟಾಕ್‌ಗ್ರೂಪ್, ಝೋನ್ ಈ ನಾಲ್ಕು ಕಾಲಂ ಹೆಚ್ಚಿಗೆ. ಅನಲಾಗ್ ಹಾಳೆಗೆ ಇವನ್ನು ಬೆರೆಸಬೇಡಿ.

ಹೆಜ್ಜೆ 8: ಮೊದಲು ಓದಿ, ಆಮೇಲೆ ಬರೆಯಿರಿ

ಸೆಟ್‌ನ ಬ್ಯಾಟರಿ ತುಂಬಿಸಿ. ಚಿರ್ಪ್ ಇದ್ದರೆ ಹೊಸ ಆವೃತ್ತಿ ಹಾಕಿಕೊಳ್ಳಿ, ಹೊಸ ಸೆಟ್‌ಗಳು ಹಳೆಯ ಆವೃತ್ತಿಗೆ ಗೊತ್ತಿರುವುದಿಲ್ಲ. ಈಗ ‘ಡೌನ್‌ಲೋಡ್ ಫ್ರಮ್ ರೇಡಿಯೋ’ ಒತ್ತಿ ಸೆಟ್‌ನಲ್ಲಿ ಈಗಿರುವುದನ್ನು ಓದಿಸಿ. ಎಫ್‌ಟಿ-60 ಥರದ ಸೆಟ್‌ಗಳಲ್ಲಿ ನೀವೇ ಕ್ಲೋನ್ ಮೋಡ್‌ಗೆ ಹೋಗಿ ಕೀಲಿ ಒತ್ತಬೇಕು, ಹೇಗೆ ಅಂತ ಪರದೆ ಮೇಲೆಯೇ ಬರುತ್ತದೆ. ಬಾವ್‌ಫೆಂಗ್‌ನಲ್ಲಿ ಸೆಟ್ ಆನ್ ಇದ್ದರೆ ಸಾಕು.

ಓದಿದ್ದನ್ನು ಮುಟ್ಟದೆ ಉಳಿಸಿ. ಹೆಸರಿನಲ್ಲಿ ‘ಮೂಲ’ ಅಂತ ಸೇರಿಸಿ, ಮಾಡೆಲ್ ಮತ್ತು ದಿನಾಂಕ ಬರೆಯಿರಿ. ಈ ಕಡತಕ್ಕೆ ಮುಂದೆ ಎಂದೂ ಕೈ ಹಾಕಬಾರದು. ಒಂದೇ ಮಾಡೆಲ್‌ನ ಎರಡು ಸೆಟ್ ಇದ್ದರೆ ಎರಡನ್ನೂ ಬೇರೆ ಬೇರೆ ಓದಿ, ಬೇರೆ ಬೇರೆ ಉಳಿಸಿ. ಒಂದರ ಇಮೇಜ್ (ಓದಿಸಿ ಉಳಿಸಿದ ಕಡತ) ಇನ್ನೊಂದಕ್ಕೆ ಬರೆಯಬೇಡಿ. ಇಮೇಜ್‌ನಲ್ಲಿ ಚಾನೆಲ್ ಅಲ್ಲದೆ ಸೆಟ್‌ನ ಬೇರೆ ಹೊಂದಿಕೆಗಳೂ ಇರುತ್ತವೆ. ನಾನೊಮ್ಮೆ ಹೀಗೆ ಮಾಡಿ, ಚೆನ್ನಾಗಿದ್ದ ಸೆಟ್ ವಿಚಿತ್ರವಾಗಿ ವರ್ತಿಸಿದ್ದನ್ನು ನೋಡಿದ್ದೇನೆ. ಅದರ ಮೂಲ ಇಮೇಜ್ ಉಳಿಸಿದ್ದರಿಂದ ವಾಪಸ್ ಬರೆದು ಸರಿಪಡಿಸಲು ಆಯಿತು.

ಚಾನೆಲ್ ಸಾಗಿಸುವ ಸರಿಯಾದ ಕ್ರಮ ಹೀಗೆ. ಆ ಸೆಟ್‌ನಿಂದಲೇ ಓದಿದ ಇಮೇಜ್ ತೆರೆದಿರಲಿ. ಅದರ ಒಳಕ್ಕೆ ನಿಮ್ಮ ಸಿಎಸ್‌ವಿಯನ್ನು ಇಂಪೋರ್ಟ್ ಮಾಡಿ. ಎಚ್ಚರಿಕೆ ಬಂದ ಸಾಲುಗಳನ್ನು ಒಂದೊಂದಾಗಿ ನೋಡಿ. ಆಮೇಲೆ ‘ಅಪ್‌ಲೋಡ್ ಟು ರೇಡಿಯೋ’. ಬರೆಯುತ್ತಿರುವಾಗ ಕೇಬಲ್ ಮುಟ್ಟಬೇಡಿ, ಲ್ಯಾಪ್‌ಟಾಪ್ ನಿದ್ದೆಗೆ ಜಾರದಂತೆ ನೋಡಿಕೊಳ್ಳಿ. ಮೊದಲ ಸಲ ಪೂರ್ತಿ ಪಟ್ಟಿ ಬೇಡ. ಎರಡೇ ಚಾನೆಲ್ ಹಾಕಿ ಬರೆದು ನೋಡಿ. ಅದು ಸರಿ ಬಂದರೆ ಉಳಿದದ್ದು.

ಹೆಜ್ಜೆ 9: ಸೆಟ್ ಕೈಯಲ್ಲಿ ಹಿಡಿದು ಪರೀಕ್ಷಿಸಿ

ಬರೆದದ್ದನ್ನು ಮತ್ತೆ ಓದಿಸಿ ಪಟ್ಟಿಯ ಜೊತೆ ತಾಳೆ ನೋಡಿ. ಆಮೇಲೆ ಆಂಟೆನಾ ಬದಲು ಡಮ್ಮಿ ಲೋಡ್ (ಸಿಗ್ನಲ್ ಹೊರಗೆ ಹೋಗದಂತೆ ಹೀರುವ ಸಾಧನ) ಜೋಡಿಸಿ, ಕಡಿಮೆ ಪವರ್‌ನಲ್ಲಿ, ಪ್ರತಿ ರಿಪೀಟರ್ ಚಾನೆಲ್‌ಗೂ ಒಂದು ಕ್ಷಣ ಪಿಟಿಟಿ ಒತ್ತಿ ಪರದೆ ನೋಡಿ. ಪ್ರಸಾರದ ಫ್ರೀಕ್ವೆನ್ಸಿ ಸರಿಯಾದ ಕಡೆಗೆ ಸರಿಯುತ್ತಿದೆಯೇ? ಪ್ಲಸ್ ಬದಲು ಮೈನಸ್ ಆಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಗಾಳಿಯಲ್ಲಿ ಪರೀಕ್ಷಿಸುವಾಗ ರಿಪೀಟರ್ ಏಳದಿದ್ದರೆ ಟೋನ್ ತಪ್ಪು ಅಂತ ಅನುಮಾನಿಸಿ. ನಿಮ್ಮ ದನಿ ಬೇರೆಯವರಿಗೆ ಕೇಳಿಸಿ, ನಿಮಗೆ ಯಾರ ದನಿಯೂ ಕೇಳಿಸದಿದ್ದರೆ, ಟೋನ್ ಬಗೆಯಲ್ಲಿ ‘ಟೋನ್’ ಇರಬೇಕಾದ ಕಡೆ ‘ಟಿಎಸ್‌ಕ್ಯೂಎಲ್’ ಹಾಕಿರುತ್ತೀರಿ. ಅದು ಬರುವ ಸಿಗ್ನಲ್‌ನಲ್ಲೂ ಟೋನ್ ಇದ್ದರೆ ಮಾತ್ರ ಸ್ಪೀಕರ್ ತೆರೆಯುತ್ತದೆ, ಕೆಲವು ರಿಪೀಟರ್‌ಗಳು ಟೋನ್ ವಾಪಸ್ ಕಳಿಸುವುದಿಲ್ಲ. ನಿಮ್ಮ ದನಿ ಸಣ್ಣಗೆ ಕೇಳುತ್ತದೆ ಅಂದರೆ ಮೋಡ್ ಕಾಲಂನಲ್ಲಿ ಎಫ್‌ಎಂ ಬದಲು ಎನ್‌ಎಫ್‌ಎಂ (ಕಿರಿದಾದ ಎಫ್‌ಎಂ) ಬಿದ್ದಿದೆಯೇ ನೋಡಿ. ಈ ಮೂರೂ ತಪ್ಪುಗಳನ್ನು ಸೆಟ್‌ನಲ್ಲಿ ಅಲ್ಲ, ಮೂಲ ಪಟ್ಟಿಯಲ್ಲಿ ತಿದ್ದಿ, ಮತ್ತೆ ಎಲ್ಲ ಸೆಟ್‌ಗೂ ಬರೆಯಿರಿ.

ಹೆಜ್ಜೆ 10: ಮುಂದಿನ ದಿನಗಳಿಗೆ

ಕೀಪ್ಯಾಡ್‌ನಿಂದ ಅವಸರಕ್ಕೆ ಹಾಕಿದ ಚಾನೆಲ್ ಇದ್ದರೆ ಮನೆಗೆ ಬಂದ ದಿನವೇ ಪಟ್ಟಿಗೆ ಸೇರಿಸಿ. ಇಲ್ಲವಾದರೆ ಮುಂದಿನ ಸಲ ಬರೆಯುವಾಗ ಅದು ಅಳಿಸಿಹೋಗುತ್ತದೆ. ಪಟ್ಟಿ ತಿದ್ದಿದಾಗಲೆಲ್ಲ ಕಡತದ ಹೆಸರಿನಲ್ಲಿ ದಿನಾಂಕ ಬದಲಾಯಿಸಿ, ಹಳೆಯದನ್ನು ಅಳಿಸದೆ ಇಡಿ. ಗೆಳೆಯರಿಗೆ ಕೊಡುವಾಗ ಸಿಎಸ್‌ವಿ ಕೊಡಿ, ಇಮೇಜ್ ಬೇಡ.

ಹೊಸ ಫರ್ಮ್‌ವೇರ್ ಹಾಕುವ ದಿನ ಬಂದರೆ ಕ್ರಮ ತಪ್ಪಬೇಡಿ. ಹಳೆಯ ಸಾಫ್ಟ್‌ವೇರ್‌ನಿಂದಲೇ ಸೆಟ್ ಓದಿಸಿ ಉಳಿಸಿ, ಡಿಎಂಆರ್ ಆಗಿದ್ದರೆ ಎಲ್ಲವನ್ನೂ ಸಿಎಸ್‌ವಿಗೆ ಎಕ್ಸ್‌ಪೋರ್ಟ್ ಮಾಡಿ. ಆಮೇಲೆ ಫರ್ಮ್‌ವೇರ್, ಆಮೇಲೆ ಅದಕ್ಕೆ ಹೊಂದುವ ಹೊಸ ಸಿಪಿಎಸ್. ಹೊಸದರಿಂದ ಸೆಟ್ಟನ್ನು ಒಮ್ಮೆ ಓದಿಸಿ, ಬಂದ ಕಡತದೊಳಗೆ ನಿಮ್ಮ ಪಟ್ಟಿ ಇಂಪೋರ್ಟ್ ಮಾಡಿ, ಮತ್ತೆ ಎರಡು ಚಾನೆಲ್‌ನಿಂದ ಶುರು ಮಾಡಿ.